ಒಂದು ಚುಕ್ಕೆಯೂ ಕಳೆಯಬಾರದು

ನಮ್ಮ ಭಾವನವರಿಗೆ ದೇವರು ಎರಡು ಕಣ್ಣು ಕೊಟ್ಟಿದ್ದೇ ತಪ್ಪು ಹುಡುಕುವುದಕ್ಕೆ. ಅದಕ್ಕೆ ಸಂಬಳವೂ ಬರುತ್ತದೆ ಎಂಬುದು ಅವರ ಅದೃಷ್ಟ. ಟೈಲ್ಸ್ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ಕೆಲಸ ಅವರದು. ಬಿಳಿ ಟೈಲ್ಸ್ ಸಾಲಾಗಿ ಎದುರಿಗೆ ಬರುತ್ತವೆ, ಸಾಸಿವೆಗಿಂತ ಸಣ್ಣ ಚುಕ್ಕೆ ಕಂಡರೂ ಇವರು ಎತ್ತಿ ಪಕ್ಕಕ್ಕಿಡುತ್ತಾರೆ. ಸಂಜೆ ಮನೆಗೆ ಬಂದ ಮೇಲೆ ಟೈಲ್ಸ್ ಇರುವುದಿಲ್ಲ, ನಾವಿರುತ್ತೇವೆ. ಅಕ್ಕ ಒರೆಸಿದ ಮೇಜು, ಅಮ್ಮ ಮಡಿಸಿದ ಟವೆಲ್ಲು, ನಾನು ಕತ್ತರಿಸಿಕೊಂಡು ಬಂದ ಕೂದಲು, ಎಲ್ಲದರಲ್ಲೂ ಅವರಿಗೊಂದು ಚುಕ್ಕೆ ಸಿಗುತ್ತದೆ. ಹಾಗಾಗಿ ಬೆನ್ನ ಹಿಂದೆ ನಾನು ಅವರಿಗೆ ಚುಕ್ಕೆ ಭಾವ ಎಂದು ಹೆಸರಿಟ್ಟಿದ್ದೆ. ಹೆಂಡತಿಯಾದವಳು ಬಯ್ಯದಿದ್ದರೆ ಚೆನ್ನಾಗಿರುವುದಿಲ್ಲವೆಂದು ಅಕ್ಕ ಒಮ್ಮೆ ಬೈದಳು. ಆಮೇಲೆ ತಾನೂ ಹಾಗೇ ಕರೆಯತೊಡಗಿದಳು.

ಅಕ್ಕ, ಭಾವ ಇರುವುದು ಮೇಲಿನ ಮನೆಯಲ್ಲಿ, ಕೆಳಗಿನ ಮನೆಯಲ್ಲಿ ನಾನು ಮತ್ತು ಅಮ್ಮ, ಆಗ ಅಪ್ಪನೂ ಇದ್ದರು. ಮದುವೆಯಾದ ಹೊಸತರಲ್ಲಿ ಭಾವ ಒಂದು ವಿಡಿಯೊ ಕ್ಯಾಮೆರಾ ಕೊಂಡರು. ಅಲ್ಲಿಂದಾಚೆಗೆ ನಮ್ಮ ಮನೆಯಲ್ಲಿ ಏನು ನಡೆದರೂ ಅದು ಎರಡು ಸಲ ನಡೆಯಬೇಕಾಯಿತು, ಒಂದು ಸಲ ನಮಗೆ, ಇನ್ನೊಂದು ಸಲ ಕ್ಯಾಮೆರಾಕ್ಕೆ. ನನ್ನ ಹುಟ್ಟುಹಬ್ಬದ ಮೇಣದಬತ್ತಿಯನ್ನು ನಾನು ಊದಿ ಆರಿಸಿದ ಮೇಲೆ ಅದನ್ನು ಮತ್ತೆ ಹಚ್ಚಲಾಗುತ್ತಿತ್ತು, ಮೊದಲನೆಯ ಸಲ ಊದಿದ್ದು ಸರಿಯಾಗಿ ಬಂದಿಲ್ಲವಂತೆ. ಸೋಫಾ ಬಂದ ದಿನ ಸೋಫಾವನ್ನು ಹೊರಗೆ ಒಯ್ದು ಮತ್ತೆ ಒಳಗೆ ತಂದರು. ಭಾವ ಕ್ಯಾಮೆರಾ ಎತ್ತಿದರೆಂದರೆ ಮನೆಮಂದಿಗೆಲ್ಲ ಕೆಲಸ. ಅಕ್ಕ ಕಿಟಕಿಯ ಪರದೆ ಎಳೆಯಬೇಕು, ನಾನು ಫ್ಯಾನ್ ಆರಿಸಬೇಕು, ಅಪ್ಪ ದೀಪ ಹಿಡಿಯಬೇಕು, ಅಮ್ಮ ನಗಬೇಕು. ಇದರಲ್ಲಿ ಅಮ್ಮನದೇ ಎಲ್ಲಕ್ಕಿಂತ ಕಷ್ಟದ ಕೆಲಸವೆಂದು ಅಪ್ಪ ಹೇಳುತ್ತಿದ್ದರು.

ಹೀಗೆ ತೆಗೆದದ್ದನ್ನೆಲ್ಲ ಭಾವ ಡಿಸ್ಕ್‌ಗೆ ಹಾಕಿ, ಡಿಸ್ಕ್‌ನ ಮೇಲೆ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಹೆಸರು ಬರೆದು, ಗಾಜಿನ ಬಾಗಿಲಿನ ಕಪಾಟಿನಲ್ಲಿ ಜೋಡಿಸಿ ಬೀಗ ಹಾಕಿದರು. ಬೀಗದ ಕೈ ಅವರ ಸೊಂಟದಲ್ಲಿ. ನೋಡೋಣವೆಂದು ಯಾರಾದರೂ ಬಾಯಿ ಬಿಟ್ಟರೆ, "ಹಾಕಿದಷ್ಟೂ ಸವೆಯುತ್ತೆ" ಎನ್ನುತ್ತಿದ್ದರು. ಆದ್ದರಿಂದ ಜಗತ್ತಿನಲ್ಲಿ ಯಾರೂ ನೋಡದ, ಹಾಗಾಗಿ ಸ್ವಲ್ಪವೂ ಸವೆಯದ ಚಿತ್ರಗಳ ಸಂಗ್ರಹವೊಂದು ನಮ್ಮ ತಲೆಯ ಮೇಲಿನ ಕೋಣೆಯಲ್ಲೇ ಬೆಳೆಯಿತು. ಅಷ್ಟರಲ್ಲಿ ಅಪ್ಪ ತೀರಿಕೊಂಡರು. ಭಾವನ ಕ್ಯಾಮೆರಾವೂ ಅದೇ ವರ್ಷ ಕೆಟ್ಟಿತು, ಅವರು ಅದನ್ನು ರಿಪೇರಿಗೆ ಕೊಡಲಿಲ್ಲ.

ಇಷ್ಟರಲ್ಲೇ ಇದ್ದುಬಿಡಬಹುದಿತ್ತು. ಆದರೆ ಅಮ್ಮನ ಕಣ್ಣು ಕೆಟ್ಟಿತು. ನಾನು ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಗೋಡೆಯ ಮೇಲಿನ ಅಕ್ಷರ ಓದಿಸುವುದು, ಗಾಜು ಬದಲಿಸಿ ಬದಲಿಸಿ "ಈಗ? ಈಗ?" ಎಂದು ಕೇಳುವುದು ನನ್ನ ದಿನಚರಿ. ಅಮ್ಮನಿಗೆ ಯಾವ ಗಾಜು ಇಟ್ಟರೂ ಉತ್ತರ ಒಂದೇ. ಸುತ್ತ ಎಲ್ಲ ಕಾಣುತ್ತದೆ, ನೋಡಬೇಕೆಂದ ಜಾಗ ಮಾತ್ರ ಅಳಿಸಿಹೋಗಿದೆ. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ನೋಟದ ನಡುಭಾಗ ಸವೆಯುತ್ತಿದೆ, ಅದು ನಿಧಾನವಾಗಿ ಪೂರ್ತಿ ಹೋಗುತ್ತದೆ, ಅಂಚು ಉಳಿಯುತ್ತದೆ ಎಂದರು. ಹಾಕದಿದ್ದರೂ ಸವೆಯುವ ವಸ್ತುಗಳೂ ಇರುತ್ತವೆಂದು ಭಾವನಿಗೆ ಹೇಳಬೇಕೆನಿಸಿತು.

ಅಮ್ಮ ಅತ್ತು ಕರೆದು ಮಾಡಲಿಲ್ಲ. ಮನೆಗೆ ಬಂದವಳೇ ಗೋಡೆಯ ಮೇಲಿನ ಅಪ್ಪನ ಫೋಟೋ ಮುಂದೆ ತಲೆ ಓರೆ ಮಾಡಿಕೊಂಡು ನಿಂತಳು.

"ಇವರು ಅಲ್ಲಾಡಲ್ಲ ಕಣೇ," ಎಂದಳು. "ಅವರು ನಡೆಯೋದನ್ನ ಒಂದ್ಸಲ ನೋಡ್ಬೇಕು. ಎಡಗಾಲು ಸ್ವಲ್ಪ ಎಳ್ಕೊಂಡು ನಡೀತಿದ್ರಲ್ಲ, ಅದು ನಂಗೆ ಮರೆತು ಹೋಗ್ತಾ ಇದೆ. ಕಣ್ಣು ಪೂರ್ತಿ ಹೋಗೋ ಮೊದ್ಲು ಒಂದ್ಸಲ. ನಿಮ್ಮ ಭಾವನಿಗೆ ಹೇಳು, ಆ ಕಪಾಟು ತೆಗೀಲಿ."

ನಾನು ಹೇಳಿದೆ. ನಮ್ಮ ಭಾವನಂಥ ಒಳ್ಳೆಯ ಅಳಿಯ ಸಿಗುವುದಿಲ್ಲ, ಅದನ್ನು ಒಪ್ಪಬೇಕು. ಅತ್ತೆಯ ಆಸೆ ಕೇಳಿದ್ದೇ ತಡ, ಊಟ ಅರ್ಧಕ್ಕೇ ಬಿಟ್ಟು ಕೆಳಗೆ ಬಂದರು. ಬಂದು, ಒಂದು ಡಿಸ್ಕ್ ಹಾಕಿ ತೋರಿಸುವ ಬದಲು ಭಾಷಣ ಮಾಡಿದರು.

"ಅತ್ತೆ, ನೀವು ನೋಡೋದಾದ್ರೆ ಸರಿಯಾಗೇ ನೋಡ್ಬೇಕು. ಈ ಡಿಸ್ಕ್‌ಗಳಿಗೆ ವಯಸ್ಸಾಗಿದೆ, ಯಾವತ್ತು ಕೈ ಕೊಡ್ತಾವೋ ಗೊತ್ತಿಲ್ಲ. ಮೊದ್ಲು ಎಲ್ಲಾನೂ ಕಂಪ್ಯೂಟರ್‌ಗೆ ಇಳಿಸಿಬಿಡ್ತೀನಿ. ಅಂಗಡಿಯೋರಿಗೆ ಕೊಟ್ರೆ ಜಾಗ ಉಳಿಸೋಕೆ ಅಂತ ಚಿತ್ರಾನ ಹಿಂಡಿ ಹಿಪ್ಪೆ ಮಾಡಿ ಕೊಡ್ತಾರೆ, ಮುಖ ಎಲ್ಲಾ ಗಂಜಿ ಆಗಿರುತ್ತೆ. ನಾನು ಹಿಂಡಲ್ಲ. ಡಿಸ್ಕ್‌ನಲ್ಲಿ ಎಷ್ಟು ಚುಕ್ಕೆ ಇದೆಯೋ ಅಷ್ಟೂ ಬರ್ಬೇಕು. ಒಂದು ಚುಕ್ಕೆಯೂ ಕಳೆಯಬಾರದು."

"ಅಷ್ಟೊಂದು ಬೇಡಪ್ಪ," ಎಂದಳು ಅಮ್ಮ. "ಸುಮಾರಾಗಿ ಕಂಡ್ರೂ ಸಾಕು ನಂಗೆ."

"ಸುಮಾರಾಗಿ ಅಂದ್ರೆ ಏನತ್ತೆ? ಮಾವನ್ನ ಸುಮಾರಾಗಿ ನೋಡೋಕಾಗುತ್ತಾ?" ಭಾವನಿಗೆ ನಿಜವಾಗಿಯೂ ನೋವಾಗಿತ್ತು.

ಹೀಗೆ ಕೆಲಸ ಶುರುವಾಯಿತು. ಭಾವ ಡಿಸ್ಕ್ ಓದುವ ಒಂದು ಡ್ರೈವ್ ತಂದರು, ಅದು ಸರಿಯಿಲ್ಲವೆಂದು ಇನ್ನೊಂದು ತಂದರು. ಧೂಳು ಬೀಳುತ್ತದೆಂದು ಕೋಣೆಯ ಬಾಗಿಲಿಗೆ ಒದ್ದೆ ಬಟ್ಟೆ ತುರುಕಿ, ಯಾರೂ ಒಳಗೆ ಬರಬಾರದೆಂದು ಕಟ್ಟಪ್ಪಣೆ ಮಾಡಿದರು. ಅಕ್ಕ ಚಹಾ ಕೊಡಬೇಕಾದರೂ ಹೊರಗಿನಿಂದ ಕೂಗಬೇಕು. ಒಂದೊಂದು ಡಿಸ್ಕನ್ನೂ ಕಂಪ್ಯೂಟರ್‌ಗೆ ಇಳಿಸಿ, ಡಿಸ್ಕ್‌ನ ಚಿತ್ರವನ್ನೂ ಇಳಿಸಿಕೊಂಡ ಚಿತ್ರವನ್ನೂ ಅಕ್ಕಪಕ್ಕ ನಿಲ್ಲಿಸಿ, ದೊಡ್ಡದು ಮಾಡಿ, ಮೂಗು ಪರದೆಗೆ ತಾಗುವಷ್ಟು ಹತ್ತಿರ ಕೂತು ಹೋಲಿಸುತ್ತಿದ್ದರು. ಎಲ್ಲಾದರೂ ಅನುಮಾನ ಬಂದರೆ ಅಳಿಸಿ, ಮೊದಲಿನಿಂದ. ಕಾರ್ಖಾನೆಯಲ್ಲಿ ಟೈಲ್ಸ್ ನೋಡಿ ದಣಿದು ಬಂದು, ಮನೆಯಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಿಟಕಿ ಪರದೆಯ ನೇಯ್ಗೆ ಎಣಿಸುವ ಮನುಷ್ಯ. ಅವರು ನೋಡುತ್ತಿದ್ದದ್ದು ನಮ್ಮನ್ನಲ್ಲ, ನಾವು ಯಾವ ಚುಕ್ಕೆಗಳಿಂದ ಆಗಿದ್ದೇವೆಯೋ ಅವನ್ನು ಎಂಬುದು ಆಗ ನನಗೆ ಹೊಳೆಯಲಿಲ್ಲ.

ಈ ಕಡೆ ಅಮ್ಮನಿಗೆ ಗಡಿಯಾರದ ಮುಳ್ಳು ಮಾಯವಾಯಿತು. ಆಮೇಲೆ ನನ್ನ ಮೂಗು ಹೋಯಿತು, ಆಮೇಲೆ ಬಾಯಿ. "ನಿನ್ನ ಕಿವಿ ಚೆನ್ನಾಗಿ ಕಾಣುತ್ತೆ ಬಿಡೇ," ಎಂದು ಸಮಾಧಾನ ಹೇಳುತ್ತಿದ್ದಳು, ನನಗೆ. ಮೆಟ್ಟಿಲ ಮೇಲಿನ ಸದ್ದಿನಿಂದಲೇ ಬಂದವರು ಯಾರೆಂದು ಗುರುತು ಹಿಡಿಯುವುದನ್ನು ಕಲಿತಳು. ದಿನಾ ಸಂಜೆ ನಾನು ಅಂಗಡಿಯಿಂದ ಬಂದಾಗ ಒಂದೇ ಪ್ರಶ್ನೆ: "ನಿಮ್ಮ ಭಾವನದು ಆಯ್ತಂತಾ?"

ಒಂದು ದಿನ ತಡೆಯಲಾರದೆ ಮೆಟ್ಟಿಲ ಮೇಲೇ ಭಾವನನ್ನು ಹಿಡಿದೆ.

"ಭಾವ, ಆಗಿರೋದನ್ನಾದ್ರೂ ತೋರ್ಸಿ. ಒಂದೇ ಒಂದು ಸಾಕು."

"ಪರೀಕ್ಷೆ ಮುಗೀದೆ ಹೇಗಮ್ಮಾ ತೋರಿಸೋದು?"

"ಹಾಗಾದ್ರೆ ಕಾಪಿ ಆಗಿಲ್ದಿರೋ ಡಿಸ್ಕ್ ಹಾಕಿ."

"ಕಾಪಿ ಆಗೋ ಮುಂಚೆ ಹಾಕಿದ್ರೆ ಗೆರೆ ಬೀಳುತ್ತೆ."

ಹುಚ್ಚು ಬಿಡದೆ ಮದುವೆಯಿಲ್ಲ, ಮದುವೆಯಾಗದೆ ಹುಚ್ಚು ಬಿಡುವುದಿಲ್ಲ. ಗಾದೆ ಮಾಡಿದವರ ಮನೆಯಲ್ಲೂ ಇಂಥ ಒಬ್ಬ ಭಾವ ಇದ್ದಿರಬೇಕು. ಅಮ್ಮನ ಕಣ್ಣು ನಿಮ್ಮ ಪರೀಕ್ಷೆಗೆ ಕಾಯುವುದಿಲ್ಲ ಎಂದೆ. "ಅದಕ್ಕೇ ಅಲ್ವಾ ಇಷ್ಟು ಕಷ್ಟಪಡ್ತಿರೋದು? ಕಣ್ಣು ಮಂಜಾಗಿರೋರಿಗೆ ಚಿತ್ರನೂ ಮಂಜಾಗಿರೋದು ತೋರಿಸ್ಲಾ?" ಎಂದರು. ಸಿಟ್ಟಿನಿಂದ ಕೆಳಗಿಳಿದು ಬಂದೆ.

ಮಧ್ಯೆ ಒಮ್ಮೆ ಹಾರ್ಡ್ ಡಿಸ್ಕ್‌ನಲ್ಲಿ ಜಾಗ ಸಾಲದೆ ಬಂತು. ಇನ್ನೊಂದು ಕೊಂಡುಬಿಡಿ ಎಂದಳು ಅಕ್ಕ. ಒಂದೇ ಸಂಗ್ರಹವನ್ನು ಎರಡು ಕಡೆ ಇಟ್ಟರೆ ಒಂದೇ ಗೋಡೆಗೆ ಬೇರೆ ಬೇರೆ ಸಲ ಸುಟ್ಟ, ಬಣ್ಣ ಹೊಂದದ ಟೈಲ್ಸ್ ಹಾಕಿದ ಹಾಗಾಗುತ್ತದೆಂದು ಭಾವ ಒಪ್ಪಲಿಲ್ಲ. ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದು, ಮೂರನೆಯ ದಿನ ಸಿಳ್ಳೆ ಹಾಕುತ್ತಾ ಇಳಿದು ಬಂದರು. "ಒಂದು ಉಪಾಯ ಸಿಕ್ತು. ಚಿತ್ರಕ್ಕೆ ಏನೂ ಆಗಿಲ್ಲ," ಎಂದರು. ಚಿತ್ರಕ್ಕೆ ಏನೂ ಆಗಿಲ್ಲವೆಂದ ಮೇಲೆ ನಾವೂ ಹೆಚ್ಚು ಕೆದಕಲಿಲ್ಲ.

ಅಕ್ಕನಿಗಂತೂ ಆಗ ಬೇರೊಂದು ಯುದ್ಧ ನಡೆದಿತ್ತು, ಪಾರಿವಾಳಗಳ ಜೊತೆ. ಬಾಲ್ಕನಿಯಲ್ಲಿ ಒಗೆದು ಹಾಕಿದ ಬಟ್ಟೆಯ ಮೇಲೆಲ್ಲ ಅವುಗಳ ಗಲೀಜು. ಹೊಳೆಯುವ ವಸ್ತು ತೂಗುಹಾಕಿದರೆ ಪಾರಿವಾಳ ಹೆದರುತ್ತವೆಂದು ಪಕ್ಕದ ಮನೆಯಾಕೆ ಹೇಳಿದ್ದಳು. ಕಾಪಿಯಾಗಿ, ಪರೀಕ್ಷೆ ಮುಗಿದು, ಭಾವನ ಪಾಲಿಗೆ ಕೆಲಸವಿಲ್ಲದ ಡಿಸ್ಕ್‌ಗಳು ರಾಶಿ ಬಿದ್ದಿದ್ದವು. ಕೊಡಿ ಎಂದಳು, ಕೊಟ್ಟರು. "ಇನ್ನು ಇವು ಬರೀ ಪ್ಲಾಸ್ಟಿಕ್ಕು," ಎಂದು ಅಪ್ಪಣೆಯನ್ನೂ ದಯಪಾಲಿಸಿದರು. ಯಾರ ಕೈಯೂ ಸೋಕಬಾರದೆಂದು ಬೀಗ ಹಾಕಿಟ್ಟಿದ್ದ ನಮ್ಮ ಮನೆಯ ಚರಿತ್ರೆಯೆಲ್ಲ ಹೀಗೆ ನೂಲಿಗೆ ಪೋಣಿಸಿಕೊಂಡು ಬಿಸಿಲಿನಲ್ಲಿ ಗಿರಗಿರ ತಿರುಗತೊಡಗಿತು. ನನ್ನ ಹುಟ್ಟುಹಬ್ಬಗಳು, ಸೋಫಾ, ಅಕ್ಕ ಸೈಕಲ್ ಕಲಿತದ್ದು, ಎಲ್ಲವೂ. ಪಾರಿವಾಳಗಳು ಒಂದು ವಾರ ಹೆದರಿದವು. ಆಮೇಲೆ ಅವುಗಳಲ್ಲಿ ಮುಖ ನೋಡಿಕೊಂಡು ರೆಕ್ಕೆ ತೀಡಿಕೊಳ್ಳುವುದನ್ನು ರೂಢಿ ಮಾಡಿಕೊಂಡವು. ಒಂದು ಜೋಡಿಯಂತೂ ಬಾಲ್ಕನಿಯ ಮೂಲೆಯಲ್ಲಿ, ಕೊನೆಯ ಡಿಸ್ಕ್‌ನ ಕೆಳಗೇ ಗೂಡು ಕಟ್ಟಿತು. ಅಲ್ಲಿ ಯಾವಾಗಲೂ ಬೆಡ್‌ಶೀಟ್ ಒಣಗಹಾಕುತ್ತಿದ್ದುದರಿಂದ ಆ ಡಿಸ್ಕ್ ಹೊಳೆಯುತ್ತಲೇ ಇರಲಿಲ್ಲ. "ಅದೊಂದು ಸೋಮಾರಿ," ಎಂದು ಅಕ್ಕ ಅದಕ್ಕೆ ಬೈಯುತ್ತಿದ್ದಳು.

ಲಾಭವಾದದ್ದು ಅಮ್ಮನಿಗೆ ಮಾತ್ರ. ಡಿಸ್ಕ್‌ಗಳ ಬೆಳಕು ನಮ್ಮ ಹಾಲಿನ ಗೋಡೆಯ ಮೇಲೆ ಬಿದ್ದು ಓಡಾಡುತ್ತಿತ್ತು. ಅದು ಕಣ್ಣಂಚಿಗೆ ಸಿಗುತ್ತದೆಂದು ಅಮ್ಮ ಕಿಟಕಿಯ ಬಳಿ ಕುರ್ಚಿ ಹಾಕಿಸಿಕೊಂಡು ಬೆಳಗಿನಿಂದ ಅದನ್ನೇ ನೋಡುತ್ತಾ ಕೂರುತ್ತಿದ್ದಳು.

ಅಂತೂ ಒಂದು ಭಾನುವಾರ ಭಾವ ಘೋಷಣೆ ಮಾಡಿದರು: ಮುಗಿಯಿತು. ಮಧ್ಯಾಹ್ನ ನಮ್ಮ ಹಾಲಿನಲ್ಲಿ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ, ಮೇಲಿನಿಂದ ದೊಡ್ಡ ಟಿವಿ ಇಳಿಸಿ, ಕಂಪ್ಯೂಟರ್ ಜೋಡಿಸಿ, ಅಮ್ಮನ ಕುರ್ಚಿ ಎಲ್ಲಿರಬೇಕೆಂದು ಟೇಪ್ ಹಿಡಿದು ಅಳೆದರು. ಅಮ್ಮ ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಪೆಟ್ಟಿಗೆಯ ತಳದಿಂದ ಹಸಿರು ಶಾಲು ತೆಗೆಸಿ ಹೊದ್ದು ಕೂತಿದ್ದಳು. ಅದು ಅಪ್ಪ ತಂದಿದ್ದ ಶಾಲು. ಅಮ್ಮನಿಗೆ ಒಂದಿಷ್ಟು ನಾಚಿಕೆಯೂ ಇತ್ತು.

ಚಿತ್ರ ಶುರುವಾಯಿತು. ಭಾವನ ಬಗ್ಗೆ ನಾನು ಏನೇ ಆಡಿಕೊಳ್ಳಲಿ, ಒಂದು ಮಾತು ನಿಜ. ಇಷ್ಟು ಸ್ವಚ್ಛವಾದ ಚಿತ್ರವನ್ನು ನಾನು ಕಂಡಿರಲಿಲ್ಲ. ಕೇಕಿನ ಮೇಲಿನ ಸಕ್ಕರೆ ಹರಳು ಕಾಣುತ್ತಿತ್ತು. ಸೋಫಾದ ಹೊಲಿಗೆಯ ದಾರ ಕಾಣುತ್ತಿತ್ತು. ನನ್ನ ಹದಿಹರೆಯದ ಮೊಡವೆಗಳು ಒಂದೂ ಕಳೆದುಹೋಗದೆ ಬಂದಿದ್ದವು. ಹಿನ್ನೆಲೆಗೆ ಒಂದು ಪಿಯಾನೊ ಸಂಗೀತ, ಫೋನ್‌ನಲ್ಲಿ ಸ್ವಲ್ಪ ಕಾಯಿರಿ ಎಂದಾಗ ಬರುತ್ತದಲ್ಲ, ಅಂಥದು. ಭಾವ ಅದನ್ನು ತಾವೇ ಆರಿಸಿದ್ದರು.

ಅಮ್ಮ ತಲೆ ಓರೆ ಮಾಡಿ, ಕಣ್ಣಂಚಿನಲ್ಲಿ ನೋಡುತ್ತಿದ್ದಳು.

"ಬಂದ್ರಾ?" ಎಂದಳು.

"ಇನ್ನೂ ಇಲ್ಲಮ್ಮ. ಇದು ನಾನು, ಕೇಕ್ ಕತ್ತರಿಸ್ತಿದೀನಿ."

"ಆ ಪರದೆ ನೋಡಿ ಅತ್ತೆ, ಎಳೆ ಎಳೆ ಬಿಡಿಸಿದ ಹಾಗಿದೆ," ಎಂದರು ಭಾವ.

ಸೋಫಾ ಒಳಗೆ ಬಂತು. ಮತ್ತೆ ಒಳಗೆ ಬಂತು. ಅಕ್ಕ ಸೈಕಲ್ಲಿನಿಂದ ಬಿದ್ದಳು. ಹೊಸ ಫ್ರಿಜ್ ಬಂತು, ಅದರ ಪಕ್ಕ ಅಮ್ಮ ನಿಂತಳು.

"ಈಗ ಬಂದ್ರಾ?"

"ಇಲ್ಲಮ್ಮ. ಇದು ನೀನು, ಫ್ರಿಜ್ ಪಕ್ಕ."

"ನನ್ನೇನು ನೋಡೋದು! ಅವರು ಬಂದಾಗ ಹೇಳು."

ಒಂದಾದ ಮೇಲೊಂದು ಚಿತ್ರ ಮುಗಿಯಿತು. ನಮ್ಮ ಪಕ್ಕದ ಮನೆಯವರ ಬೆನ್ನು ಬಂತು, ಯಾರದೋ ನಾಯಿ ಬಂತು, ಸೋಫಾ ಹೊತ್ತವನು ಎರಡೆರಡು ಸಲ ಬಂದ. ಅಪ್ಪ ಬರಲಿಲ್ಲ. ಭಾವನ ಕೈ ಗಡಿಬಿಡಿಯಿಂದ ಮುಂದೆ ಹಿಂದೆ ಓಡಿಸತೊಡಗಿತು. ನಾನು ಅಕ್ಕನ ಮುಖ ನೋಡಿದೆ, ಅಕ್ಕ ನನ್ನ ಮುಖ ನೋಡಿದಳು. ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು. ಅಪ್ಪ ಯಾವ ಚಿತ್ರದಲ್ಲೂ ಇಲ್ಲ, ಏಕೆಂದರೆ ಎಲ್ಲ ಚಿತ್ರದಲ್ಲೂ ಅಪ್ಪ ದೀಪ ಹಿಡಿದಿದ್ದರು. ದೀಪದ ಸ್ಟ್ಯಾಂಡ್ ಅಲ್ಲಾಡುತ್ತದೆ, ಮಾವನ ಕೈ ಅಲ್ಲಾಡುವುದಿಲ್ಲ ಎಂದು ಭಾವ ಮೊದಲ ದಿನವೇ ಗುಣಮಟ್ಟ ನೋಡಿ ಅವರನ್ನು ಆರಿಸಿದ್ದರು. ಕಳೆಯದ ಹಾಗೆ ಭಾವ ಇಷ್ಟು ತಿಂಗಳು ಕಾಪಾಡಿದ ಲಕ್ಷಾಂತರ ಚುಕ್ಕೆಗಳಲ್ಲಿ ಅಪ್ಪನದು ಒಂದೂ ಇರಲಿಲ್ಲ.

"ಇರಿ, ಇರಿ," ಎಂದು ಭಾವ ಒಂದು ಕಡೆ ಚಿತ್ರ ನಿಲ್ಲಿಸಿದರು. ಮೇಜಿನ ಮೇಲಿನ ಸ್ಟೀಲ್ ಕೆಟಲಿನಲ್ಲಿ ಒಂದು ಪ್ರತಿಬಿಂಬ. ಅದನ್ನು ದೊಡ್ಡದು ಮಾಡಿದರು, ಇನ್ನೂ ದೊಡ್ಡದು ಮಾಡಿದರು. ಟಿವಿ ತುಂಬ ಬೆಳ್ಳಗಾಯಿತು. "ಅತ್ತೆ, ಇದು ಮಾವ."

ಅಮ್ಮ ಕಣ್ಣಂಚು ಎಲ್ಲ ಕಡೆಯಿಂದಲೂ ಹಾಯಿಸಿ ನೋಡಿದಳು.

"ಇದು ಬಲ್ಬು," ಎಂದಳು.

ಆಮೇಲೆ ಕುರ್ಚಿಗೆ ಒರಗಿದಳು. "ದೀಪದ ಬುಡ ಕತ್ತಲೆ ಅಂತ ಸುಮ್ನೆ ಹೇಳ್ತಾರಾ? ನಂಗೂ ಹೊಳೀಲಿಲ್ಲ ನೋಡಿ. ಹೋಗ್ಲಿ ಬಿಡಿ. ಆ ಸಂಗೀತ ನಿಲ್ಸಿ, ಮಾತು ಕೇಳ್ಸಿ ಅಳಿಯಂದ್ರೇ. ದೀಪ ಹಿಡ್ಕೊಂಡು ನಿಂತಷ್ಟು ಹೊತ್ತೂ ಅವರು ಬಾಯಿ ಮುಚ್ಚಿದ್ದೇ ಇಲ್ಲ. ಕಾಣದಿದ್ರೆ ಬೇಡ, ಕೇಳ್ಲಿ."

ಪಿಯಾನೊ ಮಾತ್ರ ನಿಲ್ಲಲಿಲ್ಲ.

"ರೀ, ಸೌಂಡ್ ಹಾಕಿ," ಎಂದಳು ಅಕ್ಕ.

"ಸೌಂಡ್ ಇಲ್ಲ."

"ಇಲ್ಲ ಅಂದ್ರೆ?"

"ತೆಗೆದೆ." ಭಾವನ ದನಿ ಅವರಿಗೇ ಕೇಳದಷ್ಟು ಇಳಿದಿತ್ತು. "ಜಾಗ ಸಾಲ್ಲಿಲ್ಲ. ಸೌಂಡ್ ಇಟ್ಕೊಂಡ್ರೆ ಚಿತ್ರಾನ ಹಿಂಡ್ಬೇಕಿತ್ತು. ಅದೂ ಅಲ್ದೆ ಹಿಂದ್ಗಡೆ ಬರೀ ಗಲಾಟೆ ಇತ್ತು, ಯಾರೋ ಗೊಣಗ್ತಾ..."

ಅಲ್ಲಿಗೆ ನಿಲ್ಲಿಸಿದರು. ಯಾರೋ ಎಂದರೆ ಯಾರು ಎಂಬುದು ಅವರಿಗೂ ಆ ಗಳಿಗೆಯಲ್ಲೇ ತಿಳಿದಿರಬೇಕು. ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತಾರೆ. ಇವರು ಬೆಟ್ಟ ಅಗೆದು, ಸಿಕ್ಕಿದ್ದ ಇಲಿಯನ್ನೂ ಮಣ್ಣಿನ ಜೊತೆ ಎಸೆದು ಬಂದಿದ್ದರು.

ಅಮ್ಮ ಬಯ್ಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಸೇರಿಸಬಹುದಿತ್ತು. ಅವಳು ಎದ್ದು, ಗೋಡೆ ಹಿಡಿದು ಕಿಟಕಿಯ ಹತ್ತಿರ ಹೋಗಿ, ಕಂಬಳಿಯನ್ನು ಸರಿಸಿ ನಿಂತಳು. ಶಾಲು ಒಂದು ಕಡೆ ಜಾರಿತ್ತು. ನನಗೆ ಭಾವನ ಮೇಲೆ ಎಷ್ಟು ಕೋಪ ಬಂತೆಂದರೆ ಅಳುವೇ ಬಂದುಬಿಟ್ಟಿತು. ಆಗ ಮೇಲಿನಿಂದ ಬೆಳಕಿನ ತುಣುಕುಗಳು ಬಂದು ಗೋಡೆಯ ಮೇಲೆ ಓಡಿದವು.

"ಡಿಸ್ಕ್!" ಎಂದು ಅಕ್ಕ ಕಿರುಚಿದಳು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ನಮ್ಮ ಕಥೆ. ಮೂವರೂ ಮೆಟ್ಟಿಲು ಹತ್ತಿ ಓಡಿದೆವು. ಪಾರಿವಾಳಗಳು ಎದ್ದು ಪಕ್ಕದ ಮನೆಯ ಗೋಡೆಯ ಮೇಲೆ ಸಾಲಾಗಿ ಕೂತು ನಮ್ಮನ್ನು ನೋಡಿದವು. ಭಾವ ತಮ್ಮ ಕೈಯಾರೆ ನೂಲು ಕತ್ತರಿಸಿ, ಗಲೀಜು ಮೆತ್ತಿದ ಡಿಸ್ಕ್‌ಗಳನ್ನು ಅಂಗಿಯಲ್ಲಿ ಸುತ್ತಿಕೊಂಡು ಕೆಳಗೆ ತಂದರು. ಟೈಲ್ಸ್ ಮೇಲಿನ ಸಾಸಿವೆ ಚುಕ್ಕೆ ಸಹಿಸದ ಮನುಷ್ಯನ ಅಂಗಿ ತುಂಬ ಪಾರಿವಾಳದ ಪ್ರಸಾದ. ಕನ್ನಡಕದ ಗಾಜು ಒರೆಸುವ ನೀರು, ಬಟ್ಟೆ ನನ್ನ ಬ್ಯಾಗಿನಲ್ಲಿತ್ತು. ನಾನು ತೊಳೆದು ಒರೆಸಿ ಕೊಟ್ಟೆ, ಭಾವ ಒಂದೊಂದಾಗಿ ಡ್ರೈವಿಗೆ ಹಾಕಿದರು.

ಬಿಸಿಲು ತನ್ನ ಕೆಲಸ ಮಾಡಿತ್ತು. ಡ್ರೈವ್ ಗರಗರ ತಿರುಗಿ, ತಡಕಿ, ನಿಟ್ಟುಸಿರು ಬಿಟ್ಟು ನಿಲ್ಲುತ್ತಿತ್ತು. ನನ್ನ ಹುಟ್ಟುಹಬ್ಬಗಳು ಹೋದವು. ಸೋಫಾ ಹೋಯಿತು. ಸೈಕಲ್ ಹೋಯಿತು. ಪ್ರತಿ ಸಲವೂ ಅಮ್ಮ ಕಿಟಕಿಯಿಂದಲೇ "ಬಂತಾ?" ಎನ್ನುವಳು, ನಾನು "ಇಲ್ಲಮ್ಮ" ಎನ್ನುವೆ. ಕೊನೆಗೆ ಉಳಿದದ್ದು ಬೆಡ್‌ಶೀಟಿನ ಮರೆಯಲ್ಲಿದ್ದ ಆ ಸೋಮಾರಿ, ಪಾರಿವಾಳ ಓಡಿಸುವ ಯೋಗ್ಯತೆಯೂ ಇಲ್ಲದ್ದು. ಅದರ ಮೇಲೆ ಭಾವನ ಮುತ್ತಿನಂಥ ಅಕ್ಷರದಲ್ಲಿ 'ಹೊಸ ಫ್ರಿಜ್ ಬಂದ ದಿನ' ಎಂದಿತ್ತು.

ಡ್ರೈವ್ ತಡಕಿತು. ತಡಕಿ, ಹಿಡಿದುಕೊಂಡಿತು.

ಚಿತ್ರ ಬಂತು ಎನ್ನುವ ಹಾಗಿರಲಿಲ್ಲ. ಟಿವಿಯ ಮೇಲೆ ಚೌಕಗಳು, ನೇರಳೆ ಪಟ್ಟಿಗಳು, ಅಮ್ಮನ ಅರ್ಧ ಭುಜ, ಫ್ರಿಜ್ಜಿನ ಬಾಗಿಲು ಮೂರು ಕಡೆ. ಚುಕ್ಕೆಯ ಮಾತಿರಲಿ, ಅಂಗೈಯಗಲದ ತುಂಡುಗಳೇ ಕಳೆದುಹೋಗಿದ್ದವು. "ಅಯ್ಯೋ, ಚಿತ್ರ..." ಎಂದರು ಭಾವ.

"ಸುಮ್ನಿರ್ರೀ," ಎಂದಳು ಅಕ್ಕ.

ಆಗ ಅಪ್ಪ ಮಾತಾಡಿದರು.

"ಅಳಿಯಂದ್ರೇ, ಫ್ರಿಜ್ ಒಳಗೇ ಒಂದು ದೀಪ ಇದೆಯಲ್ಲ. ಮತ್ತೆ ನಾನ್ಯಾಕೆ ಹಿಡ್ಕೊಂಡು ನಿಂತಿರೋದು?"

"ಅದು ಹಳದಿ ದೀಪ ಮಾವ, ಬಣ್ಣ ಕೆಡುತ್ತೆ." ಇದು ಆಗಿನ ಭಾವ. "ಅಲ್ಲಾಡ್ಬೇಡಿ."

"ಅಲ್ಲಾಡ್ತಿಲ್ಲಪ್ಪ. ಉಸಿರಾಡ್ಬಹುದಾ?"

ಡಿಸ್ಕ್‌ನೊಳಗೆ ಎಲ್ಲೋ, ಆಗಿನ್ನೂ ಚಿಕ್ಕವಳಾದ ನಾನು ಕಿಸಕ್ಕನೆ ನಕ್ಕೆ. ಅಮ್ಮ ಕಿಟಕಿಯಿಂದ ತಿರುಗಿ, ಗೋಡೆಯನ್ನೂ ಹಿಡಿಯದೆ ನೇರ ನಡೆದು ಬಂದು ಟಿವಿಯ ಮುಂದೆ ನೆಲದ ಮೇಲೆ ಕೂತಳು. ಭಾವ ಅಳೆದು ಇಟ್ಟಿದ್ದ ಕುರ್ಚಿ ಖಾಲಿ ಉಳಿಯಿತು.

"ಲೇ ಇವಳೇ," ಎಂದರು ಅಪ್ಪ, "ನೀನ್ಯಾಕೆ ಫ್ರಿಜ್ ಪಕ್ಕ ಪೊಲೀಸ್ ಥರ ನಿಂತಿದ್ದೀಯ? ಸ್ವಲ್ಪ ನಗು. ನಿನ್ನ ಮುಖ ಕಾಣ್ಲಿ ಅಂತ ತಾನೇ ನಾನಿಲ್ಲಿ ಕೈ ಎತ್ಕೊಂಡು ನಿಂತಿರೋದು?"

ಅಮ್ಮ ನಕ್ಕಳು. ಟಿವಿಯಲ್ಲಿ ನಕ್ಕಳೋ ಇಲ್ಲವೋ ಗೊತ್ತಿಲ್ಲ, ಅಲ್ಲಿ ಅವಳ ಮುಖದ ಜಾಗದಲ್ಲಿ ಒಂದು ಬೂದು ಚೌಕವಿತ್ತು. ನೆಲದ ಮೇಲೆ ಕೂತವಳು ನಕ್ಕಳು.

"ಅಳಿಯಂದ್ರೇ, ಕೈ ನೋಯ್ತಾ ಇದೆ. ಇಳಿಸ್ಲಾ?"

"ಇನ್ನೊಂದು ಸ್ವಲ್ಪ ಮಾವ."

ಸ್ವಲ್ಪ ಹೊತ್ತು ಬರೀ ಕರಕರ ಸದ್ದು. ಮತ್ತೆ ಅಪ್ಪ: "ಇಳಿಸ್ಲಾ?"

"ಇನ್ನೊಂದೇ ಸ್ವಲ್ಪ."

"ಇಳಿಸ್ರೀ," ಎಂದಳು ನಮ್ಮ ಅಮ್ಮ. "ಸಾಕು. ಕೈ ನೋಯುತ್ತೆ."

ಅಪ್ಪ ಇಳಿಸಿಬಿಟ್ಟರು. ಟಿವಿ ಪೂರ್ತಿ ಕಪ್ಪಾಯಿತು. ಕತ್ತಲೆಯಲ್ಲಿ ಆಗಿನ ಭಾವ "ಮಾವಾ!" ಎಂದು ಕೂಗಿಕೊಂಡರು, ಅಪ್ಪ ಹೊಟ್ಟೆ ತುಂಬ ನಕ್ಕರು, ಆಮೇಲೆ ಎಡಗಾಲು ಎಳೆದುಕೊಂಡು ಅಡುಗೆಮನೆಯ ಕಡೆ ನಡೆದುಹೋದ ಸದ್ದು ಬಂತು. ಒಂದು ಹೆಜ್ಜೆ ಟಪ್, ಒಂದು ಹೆಜ್ಜೆ ಸರ್. ಅಲ್ಲಿಗೆ ಡಿಸ್ಕ್ ನಿಂತಿತು.

ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು. "ನಡೆದ್ರು," ಎಂದಳು.

ಭಾವ ಅಳುತ್ತಿದ್ದರು. ಗಲೀಜು ಅಂಗಿಯಲ್ಲೇ ಮುಖ ಒರೆಸಿಕೊಂಡರು. ಆಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ನನಗೆ ಇನ್ನೆಂದೂ ಸಿಗಲಾರದು, ಆದರೆ ನಾನು ಕನ್ನಡಕ ಒರೆಸುವ ಬಟ್ಟೆಯನ್ನು ಅವರ ಕೈಗಿಟ್ಟೆ. ಅವರು ಕಂಪ್ಯೂಟರ್ ಮುಂದೆ ಬಗ್ಗಿ, ಅಭ್ಯಾಸಬಲದಿಂದ, "ಅತ್ತೆ, ಮೊದ್ಲು ಕಾಪಿ ಮಾಡ್ಕೊಳ್ಲಾ? ಸೌಂಡ್ ಸಮೇತ," ಎಂದರು.

"ಆಮೇಲೆ ಮಾಡ್ಕೊಳ್ಳಿ. ಮೊದ್ಲು ಇನ್ನೊಂದ್ಸಲ ಹಾಕಿ," ಎಂದಳು ಅಮ್ಮ. "ಈ ಸಲ ಅವರು ಕೇಳಿದ ಕೂಡ್ಲೇ ಇಳಿಸಿ ಅನ್ನಿ ಅಳಿಯಂದ್ರೇ. ಕಾಯಿಸ್ಬೇಡಿ."

ಭಾವ ಮತ್ತೆ ಹಾಕಿದರು. ಅದೇ ಚೌಕಗಳು, ಅದೇ ನೇರಳೆ ಪಟ್ಟಿ, ಉಸಿರಾಡಬಹುದಾ, ಸ್ವಲ್ಪ ನಗು. ಕೈ ನೋಯ್ತಾ ಇದೆ, ಇಳಿಸ್ಲಾ ಎಂದು ಅಪ್ಪ ಕೇಳಿದರು.

"ಇಳಿಸಿ ಮಾವ," ಎಂದರು ಭಾವ.